ಓದಲಿಕ್ಕೆ ಬೇಕಾದ ಹಲ್ಲು

ಚಿಗಟೇರಿ
೧೪ ಡಿಸೆಂಬರ್ ೨೦೨೪

ಪ್ರೀತಿಯ ಕಲ್ಯಾಣಿಗೆ,

ನಿನಗೆ ಶರಣು, ನಿಮ್ಮ ಹಾಲೇಶಪ್ಪನವರಿಗೆ ಸಲಾಮು. ನಿನ್ನ ಪತ್ರ ದೀಪಾವಳಿಗೆ ಮುಂಚೆಯೇ ಬಂತು. ಉತ್ತರ ಬರೆಯುವುದು ಇಷ್ಟು ತಡವಾಯಿತು. ಬೈದುಕೋ, ಬೈಸಿಕೊಳ್ಳುತ್ತೇನೆ. ನಿನಗೆ ಕಿವಿ ಮಂದವಾದ ಮೇಲೆ ಫೋನಿನಲ್ಲಿ ನಾನು ಕೂಗುವುದು, ನೀನು ‘ಆಂ? ಆಂ?’ ಅನ್ನುವುದು, ಕೊನೆಗೆ ನಾನು ಮಳೆಯ ಮಾತಾಡಿದರೆ ನೀನು ಮದುವೆಯ ಮಾತಾಡಿ ಇಟ್ಟುಬಿಡುವುದು, ಇದೆಲ್ಲ ನಮಗೆ ಬೇಡ. ಕಾಗದವೇ ವಾಸಿ. ನಿನ್ನ ಅಕ್ಷರ ಈಗಲೂ ಬೋರ್ಡಿನ ಮೇಲೆ ಬರೆದ ಹಾಗೇ ದುಂಡಗಿದೆ, ನನ್ನದು ಮಾತ್ರ ಕೆಟ್ಟಿದೆ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಮದುವೆ ಕಾಲ ಆದ್ದರಿಂದ ಮಗನಿಗೆ ಗಾದಿ ಹೊಲಿಯುವ ಕೆಲಸ ಕೈತುಂಬ ಇದೆ. ಪಡಸಾಲೆಯ ತುಂಬ ಅರಳೆ, ಅಡುಗೆಯಲ್ಲೂ ಅರಳೆ, ನನ್ನ ಕನ್ನಡಕದ ಮೇಲೂ ಅರಳೆ. ಮೊನ್ನೆ ನಿಮ್ಮ ಹೊಳಲಿನವರೊಬ್ಬರು ದಿಂಬು ಒಯ್ಯಲು ಬಂದಿದ್ದರು. ಹಾಲೇಶಪ್ಪನವರ ಮಂಡಿನೋವು ಕಡಿಮೆಯಾಗಿದೆ ಎಂದರು. ಕೇಳಿ ಸಂತೋಷವಾಯಿತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ‘ಹೊನ್ನೀ, ಕುರಾನ್ ಓದೋದು ಕಲಿಯಾಕ ಹರಪನಹಳ್ಳಿಗೆ ಹೋಗ್ತೀಯಂತ ಕೇಳಿದೆ. ನಿನಗ ಮೊದ್ಲೇ ಓದಾಕ ಬರ್ತಿತ್ತಲ್ಲಲೇ? ಎಷ್ಟು ದಿನ ಬೇಕು ಅದಕ್ಕ?’ ಎಂದು ಬರೆದಿದ್ದೀಯ. ಬರುತ್ತಿತ್ತು ಎಂದು ನಾನೂ ತಿಳಿದುಕೊಂಡಿದ್ದೆ. ನಾವು ಪಿಂಜಾರರು, ಮನೆಮಾತು ಕನ್ನಡ, ಉರ್ದು ಅಷ್ಟಕ್ಕಷ್ಟೇ, ಇನ್ನು ಅರಬ್ಬಿ ಎಲ್ಲಿಂದ ಬರಬೇಕು? ಕನ್ನಡ ಅಕ್ಷರದಲ್ಲಿ ಅಚ್ಚಾದ ಯಾಸೀನಿನ ಸಣ್ಣ ಪುಸ್ತಕ ನಮ್ಮ ಮನೆಯಲ್ಲಿತ್ತು. ಯಾಸೀನ್ ಅಂದರೆ ಕುರಾನಿನ ಒಂದು ಅಧ್ಯಾಯ, ತೀರಿಕೊಂಡವರ ಹೆಸರಿನಲ್ಲಿ ಹೆಚ್ಚಾಗಿ ಓದುವಂಥದ್ದು. ಮದುವೆಯಾದಾಗಿನಿಂದ ಪ್ರತಿ ಗುರುವಾರ ಸಂಜೆ ಅದನ್ನು ಓದುತ್ತ ಬಂದೆ. ಕ್ಲಾಸಿನಲ್ಲಿ ಪದ್ಯ ಹೇಳಿಕೊಡುವ ದನಿಯಲ್ಲೇ ರಾಗವಾಗಿ ಓದುತ್ತಿದ್ದೆ. ಯಾರೂ ತಪ್ಪು ಎಂದು ಹೇಳಿರಲಿಲ್ಲ.

ನಮ್ಮ ಯಜಮಾನರು ತೀರಿಕೊಂಡ ಮೂರನೆಯ ದಿನದ ಜಿಯಾರತ್ತಿಗೆ ನೀನು ಬಂದಿದ್ದೆ, ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕೂತಿದ್ದೆ. ಕಣ್ಣಾರೆ ಕಂಡಿದ್ದೀಯ, ಆದರೆ ಕಿವಿಗೆ ಬಿದ್ದಿರಲಿಕ್ಕಿಲ್ಲ. ಆ ದಿನ ಕುರಾನಿನ ಮೂವತ್ತು ಭಾಗಗಳನ್ನು ಬಿಡಿಬಿಡಿಯಾಗಿ ಹಂಚುತ್ತಾರೆ. ಓದಲು ಬರುವ ಹೆಂಗಸರು ಒಂದೊಂದು ಭಾಗ ತೆಗೆದುಕೊಂಡು ಓದಿ, ಎಲ್ಲರೂ ಸೇರಿ ಪೂರ್ತಿ ಮುಗಿಸುತ್ತಾರೆ. ಓದಲು ಬಾರದವರ ಮುಂದೆ ಹುಣಸೆ ಬೀಜದ ರಾಶಿ ಹಾಕುತ್ತಾರೆ. ಅವರು ಒಂದೊಂದು ಬೀಜಕ್ಕೆ ಒಂದೊಂದು ಸಲ ಕಲ್ಮಾ, ಅಂದರೆ ಎಲ್ಲರಿಗೂ ಬಾಯಿಗೆ ಬರುವ ನಂಬಿಕೆಯ ಸಾಲು, ಹೇಳಿ ಪಕ್ಕಕ್ಕೆ ಸರಿಸಬೇಕು. ಹಂಚುತ್ತಿದ್ದವಳು ನನ್ನ ನಾದಿನಿ ರಾಜಾಬಿ. ನನ್ನ ಸರದಿ ಬಂದಾಗ ನಾನು ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹಿಂದಿನವಳಿಗೆ ಕೊಟ್ಟಳು. ‘ಅತ್ತಿಗಿ, ನೀ ಬೀಜ ತಗಾ. ನಿನ್ನ ಓದು ತಪ್ಪೈತಿ. ತಪ್ಪು ಓದಿದ್ರ ಅಣ್ಣಗ ಮುಟ್ಟಂಗಿಲ್ಲ,’ ಎಂದಳು. ಅಷ್ಟು ಹೆಂಗಸರ ಮುಂದೆ!

ಸತ್ತದ್ದು ನನ್ನ ಗಂಡ ಕಣೇ. ಊರ ಮಕ್ಕಳಿಗೆಲ್ಲ ಓದು ಕಲಿಸಿದವಳು ನಾನು. ತಲೆ ತಗ್ಗಿಸಿ ಬೀಜ ಸರಿಸುತ್ತ ಕೂತೆ. ನೀನು ನನ್ನ ಬೆನ್ನು ಸವರಿದೆ, ದುಃಖಕ್ಕೆ ಅಳುತ್ತಿದ್ದಾಳೆ ಎಂದುಕೊಂಡು. ಅದರಲ್ಲಿ ಅರ್ಧ ಸಿಟ್ಟು ಇತ್ತು. ಬರುವ ಫೆಬ್ರವರಿಯಲ್ಲಿ ಅವರ ವರ್ಷದ ಫಾತಿಹಾ ಇದೆ, ನಿಮ್ಮ ವರ್ಷದ ತಿಥಿಯ ಹಾಗೆ. ಆ ದಿನ ಅದೇ ಚಾಪೆಯ ಮೇಲೆ, ಅದೇ ಹೆಂಗಸರ ಮುಂದೆ, ಯಾಸೀನನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ, ತಪ್ಪಿಲ್ಲದೆ ನಾನೇ ಓದಬೇಕು. ನಾನು ಹಠ ಹಿಡಿದದ್ದು ಇಷ್ಟಕ್ಕೇ.

ಮೊದಲು ನಮ್ಮ ಮಸೀದಿಯ ಹಜರತ್ ಅವರನ್ನು ಕೇಳಿದೆ. ಒಳ್ಳೆಯ ಮನುಷ್ಯ, ನನ್ನನ್ನು ನೋಡಿ ಮರುಗಿದರು. ‘ಸಣ್ಣ ಹುಡುಗ್ರಿಗೆ ಎರಡು ವರ್ಷ ಬೇಕ್ರಿ ಟೀಚರಮ್ಮ. ನಿಮ್ಮ ವಯಸ್ಸಿಗೆ ನಾಲಿಗಿ ಹೊಳ್ಳಂಗಿಲ್ಲ. ನಿಯತ್ತು ಸರಿ ಇದ್ರ ಸಾಕು, ಅಲ್ಲಾಹ್ ಕೇಳ್ತಾನ,’ ಎಂದರು. ‘ಅಲ್ಲಾಹ್ ಕೇಳ್ತಾನ್ರಿ, ರಾಜಾಬಿ ಕೇಳಂಗಿಲ್ಲಲ್ಲ,’ ಎಂದೆ. ನಗು ತಡೆಯಲಾರದೆ ಗಡ್ಡ ಸವರಿಕೊಂಡರು. ಹರಪನಹಳ್ಳಿಯಲ್ಲಿ ಉಮ್ಮೆಹಾನಿ ಎಂಬ ಹುಡುಗಿ ಹೆಣ್ಣುಮಕ್ಕಳಿಗೆ ಕಲಿಸುತ್ತಾಳೆಂದು ಹೇಳಿದವರೂ ಅವರೇ.

ಉಮ್ಮೆಹಾನಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬೇಕು. ಟೇಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತು ಪಾಠ. ಕೆಳಗೆ ಹೊಲಿಗೆ ಮಷಿನ್ನು, ಮೇಲೆ ನಾವು. ಮೊದಲ ದಿನ ನನ್ನಿಂದ ಒಂದು ಸಾಲು ಓದಿಸಿದಳು. ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ನನ್ನ ಪುಸ್ತಕವನ್ನು ಮೆಲ್ಲಗೆ ಮುಚ್ಚಿ, ‘ಸಿಟ್ಟಾಗಬ್ಯಾಡ್ರಿ ಟೀಚರ್, ನಾಳಿಯಿಂದ ಇದನ್ನ ಮನ್ಯಾಗ ಬಿಟ್ಟು ಬರ್ರಿ,’ ಎಂದಳು. ಕನ್ನಡ ಅಕ್ಷರಕ್ಕೆ ಆ ದನಿಗಳನ್ನು ಹಿಡಿಯಲು ಆಗುವುದಿಲ್ಲವಂತೆ. ಕೈಗೆ ಕಾಯಿದಾ ಕೊಟ್ಟಳು, ಅಂದರೆ ಅಲಿಫ್, ಬೇ ಇರುವ ಮಗ್ಗಿ ಪುಸ್ತಕದಂಥದ್ದು. ಅರವತ್ತಮೂರಕ್ಕೆ ನಾನು ಮತ್ತೆ ಒಂದನೇ ಕ್ಲಾಸು. ನನ್ನ ಅಕ್ಕಪಕ್ಕ ಜಡೆಗೆ ರಿಬ್ಬನ್ ಕಟ್ಟಿದ ಹುಡುಗಿಯರು. ಅವರಿಗೆಲ್ಲ ನನಗಿಂತ ಚೆನ್ನಾಗಿ ಬರುತ್ತದೆ. ಹೊಟ್ಟೆಕಿಚ್ಚಾಗುತ್ತದೆ, ನಿಜ ಹೇಳುತ್ತೇನೆ.

ಕಲಿಯುವುದಕ್ಕಿಂತ ಮರೆಯುವುದೇ ದೊಡ್ಡ ಕೆಲಸವಾಗಿದೆ. ನಮ್ಮ ಒಂದು ‘ಹ’ ಇರುವ ಕಡೆ ಅರಬ್ಬಿಯಲ್ಲಿ ಎರಡಿವೆ. ಒಂದು ನಮ್ಮದೇ ಥರ, ಇನ್ನೊಂದು ಗಂಟಲಿನ ನಡುವಿನಿಂದ, ಕನ್ನಡಕಕ್ಕೆ ಬಾಯಾವಿ ಊದಿ ಒರೆಸುತ್ತೇವಲ್ಲ ಹಾಗೆ ಬರಬೇಕು. ‘ಕ’ ಕೂಡ ಹಾಗೇ, ಒಂದು ಗಂಟಲಿನ ಆಳದಿಂದ. ಒಂದು ದಿನ ಹಾಲು ಕಾಯಿಸುತ್ತ ಅದನ್ನೇ ಹೇಳಿಕೊಳ್ಳುತ್ತಿದ್ದೆ. ಸೊಸೆ ಓಡಿ ಬಂದು ಬೆನ್ನಿಗೆ ಎರಡು ಗುದ್ದಿ, ‘ಏನು ಸಿಕ್ಕೊಂತ್ರಿ ಅತ್ತಿ, ನೀರು ಕುಡೀರಿ,’ ಎಂದು ಗಾಬರಿಯಾದಳು. ಹಾಲು ಉಕ್ಕಿತು. ಕೆಲವು ಕಡೆ ದನಿ ಎಳೆಯಬೇಕು, ಎಷ್ಟು ಎಳೆಯಬೇಕೆಂದು ಬೆರಳು ಮಡಚಿ ಅಳತೆ ಹಿಡಿಯಬೇಕು. ಕೆಲವು ಕಡೆ ಉಸಿರು ಬಿಡುವಂತಿಲ್ಲ, ಕೆಲವು ಕಡೆ ನಿಲ್ಲಲೇಬೇಕು. ನನ್ನ ಪದ್ಯದ ರಾಗ ಮಾತ್ರ ಕರೆಯದಿದ್ದರೂ ಬಂದು ನಡುವೆ ನುಗ್ಗುತ್ತದೆ. ಆಗ ಉಮ್ಮೆಹಾನಿ ಸ್ಕೇಲಿನಿಂದ ಮೆಲ್ಲಗೆ ಮೇಜು ತಟ್ಟುತ್ತಾಳೆ.

ಆಗಸ್ಟಿನಲ್ಲಿ ಪಾಠ ನಿಂತೇಹೋಗುವ ಹಾಗಾಯಿತು. ನನ್ನ ಮುಂದಿನ ಎರಡು ಹಲ್ಲು ಬಿದ್ದು ಎಷ್ಟೋ ಕಾಲವಾಯಿತು, ನಿನಗೆ ಗೊತ್ತಲ್ಲ. ಕೆಲವು ಅಕ್ಷರಗಳಿಗೆ ನಾಲಿಗೆಯ ತುದಿ ಮೇಲಿನ ಮುಂಭಾಗದ ಹಲ್ಲಿನ ಅಂಚಿಗೆ ತಾಗಬೇಕು. ಅಲ್ಲಿ ಹಲ್ಲೇ ಇಲ್ಲ! ನಾಲಿಗೆ ಹೊರಗೆ ಬಂದು ಬರೀ ಗಾಳಿ ಹೋಗುತ್ತಿತ್ತು. ಉಮ್ಮೆಹಾನಿ ಎಷ್ಟೋ ದಿನ ಸಂಕೋಚಪಟ್ಟು, ಕೊನೆಗೆ ಹೇಳಿದಳು: ‘ಟೀಚರ್, ಇದು ನಿಮ್ಮ ತಪ್ಪಲ್ಲ, ಹಲ್ಲಿಂದು. ಹಲ್ಲು ಇಲ್ದೋರಿಗೆ ಮಾಫಿ ಐತಿ. ನಿಮಗ ಬಂದಂಗ ಓದ್ರಿ.’ ಮಾಫಿ ನನಗೆ ಬೇಕಿರಲಿಲ್ಲ. ಮೆಟ್ಟಿಲಿಳಿದು ನೇರ ಹಲ್ಲಿನ ಡಾಕ್ಟರ ಹತ್ತಿರ ಹೋದೆ.

ಡಾಕ್ಟರ ಹೆಸರು ಕೊಟ್ರಸ್ವಾಮಿ. ಹಣೆಗೆ ವಿಭೂತಿ, ಮೂಗಿಗೆ ಮಾಸ್ಕು, ಚಿಕ್ಕ ವಯಸ್ಸಿನವನು. ‘ಉಣ್ಣಾಕ ತ್ರಾಸ ಆಗೇತೇನ್ರಿ ಅಮ್ಮಾರ?’ ಎಂದ. ‘ಉಣ್ಣಾಕ ಅಲ್ಲಪ್ಪ, ಓದಾಕ,’ ಎಂದೆ. ಮಾಸ್ಕು ಕೆಳಗಿಳಿಸಿ ನನ್ನ ಮುಖ ನೋಡಿದ. ಎಲ್ಲ ವಿವರಿಸಿದೆ. ಹಲ್ಲು ಕಟ್ಟಿಸಿ ತಂದ ದಿನ ಅವನು ಅದನ್ನು ಕೂರಿಸಿ, ‘ಹೇಳ್ರಿ ನೋಡಾಣ,’ ಎಂದ. ಆ ಕುರ್ಚಿಯಲ್ಲಿ ಒರಗಿಕೊಂಡು ಕುರಾನಿನ ಸಾಲು ಹೇಳುವುದು ಸರಿಯಲ್ಲವೆಂದು ಬರೀ ಅಕ್ಷರ ಹೇಳಿದೆ. ಬಂತೋ ಇಲ್ಲವೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಉಮ್ಮೆಹಾನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ನಾನು ಹೇಳುವುದು, ಅವಳು ಆ ಕಡೆಯಿಂದ ‘ದನಿ ಇನ್ನೂ ದಪ್ಪ ಆತ್ರಿ’ ಅನ್ನುವುದು, ಡಾಕ್ಟರು ಹಲ್ಲು ತೆಗೆದು ಉಜ್ಜಿ ಮತ್ತೆ ಕೂರಿಸುವುದು. ಹೊರಗೆ ಕೂತಿದ್ದ ಪೇಷಂಟುಗಳೆಲ್ಲ ಬಾಗಿಲ ಹತ್ತಿರ ಬಂದು ನಿಂತರು. ಕೊನೆಗೊಮ್ಮೆ ಫೋನಿನಿಂದ ‘ಬಂತು! ಬಂತು ಟೀಚರ್!’ ಎಂದು ಅವಳು ಕೂಗಿದಳು. ಕೊಟ್ರಸ್ವಾಮಿ ತಾನೇ ಪಾಸಾದವನ ಹಾಗೆ ಎರಡೂ ಕೈ ಮೇಲೆತ್ತಿದ. ರಿಟೈರಾದ ದಿನ ಹಾರ ಹಾಕಿಸಿಕೊಂಡಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಬಸ್ಸಿನಲ್ಲಿ ಬರುತ್ತ ಯಜಮಾನರ ನೆನಪಾಯಿತು. ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ನಾನು ಭಾಷಣ ಮಾಡಿದರೆ, ಅವರು ಅರಳೆ ಹತ್ತಿದ ಅಂಗಿಯಲ್ಲೇ ಬಂದು ಕಾಂಪೌಂಡಿನ ಹೊರಗೆ ನಿಂತು ಕೇಳುತ್ತಿದ್ದರು. ‘ನಮ್ಮಾಕಿಗೆ ಮೈಕ್ ಬೇಕಾಗಂಗಿಲ್ಲ,’ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಕೈ ಹಿಡಿದವಳ ದನಿಯ ಬಗ್ಗೆ ಅಷ್ಟು ಹೆಮ್ಮೆಪಟ್ಟ ಗಂಡಸನ್ನು ನಾನು ಬೇರೆ ಕಂಡಿಲ್ಲ. ಅವರಿಲ್ಲದ ಮನೆಗೆ ಹೋಗಿ ಆ ಹಲ್ಲು ಯಾರಿಗೆ ತೋರಿಸಲಿ ಎಂದು ಕಣ್ಣು ತುಂಬಿ ಬಂತು. ಸೊಸೆಗೆ ತೋರಿಸಿದೆ, ಪಾಪ, ಅವಳು ಚಪ್ಪಾಳೆ ತಟ್ಟಿದಳು.

ಎಷ್ಟು ದಿನ ಬೇಕು ಎಂಬ ನಿನ್ನ ಪ್ರಶ್ನೆಯನ್ನು ಉಮ್ಮೆಹಾನಿಗೇ ಕೇಳಿದೆ. ‘ಯಾಸೀನ್ ಅಂದ್ರ ಫೆಬ್ರವರಿಗೆ ಆಗ್ತೈತಿ, ದಿನಾ ಕುಂತ್ರ. ಪೂರಾ ಕುರಾನ್ ಅಂದ್ರ ನಿಮಗ ಮೂರು ನಾಕು ವರ್ಷ. ಸರಿಯಾಗಿ, ಒಂದು ಕೂದ್ಲೆಳಿ ಆಚೀಚೆ ಆಗದಂಗ ಅಂದ್ರ ನನಗ ಗೊತ್ತಿಲ್ರಿ. ನಾನೂ ಇನ್ನೂ ಕಲಿಯಾಕತ್ತೀನಿ,’ ಎಂದಳು. ಪ್ರತಿ ಶುಕ್ರವಾರ ಅವಳು ತನ್ನ ಗುರುವಿಗೆ ಫೋನಿನಲ್ಲಿ ಓದಿ ಒಪ್ಪಿಸುತ್ತಾಳಂತೆ, ಅವರು ಈಗಲೂ ತಪ್ಪು ತೆಗೆಯುತ್ತಾರಂತೆ. ಇನ್ನೊಂದು ಮಾತು ಹೇಳಿದಳು. ಚೆನ್ನಾಗಿ ಓದುವವರಿಗೆ ದೊಡ್ಡ ಸ್ಥಾನವಿದೆ, ಆದರೆ ತೊದಲುತ್ತ ಕಷ್ಟಪಟ್ಟು ಓದುವವರಿಗೆ ಎರಡು ಪಟ್ಟು ಪುಣ್ಯವಂತೆ. ‘ಹಂಗಾದ್ರ ನಾನು ಹಿಂಗ ಇದ್ದುಬಿಡ್ಲೇನಮ್ಮ?’ ಎಂದೆ. ‘ಬೇಕಂತ ತೊದಲಿದ್ರ ಇಲ್ರಿ!’ ಎಂದು ನಕ್ಕಳು. ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಲ್ಲಿ ನಾಟಿಬಿಟ್ಟಿತು, ಯಾಕೆಂದು ಅವಳಿಗೆ ಹೇಳಲಿಲ್ಲ.

ಹೋದ ವಾರ ರಾಜಾಬಿ ಬಂದಿದ್ದಳು. ನಾನು ಒಳಗೆ ಓದಿಕೊಳ್ಳುತ್ತಿದ್ದುದನ್ನು ಬಾಗಿಲಲ್ಲಿ ನಿಂತು ಕೇಳಿದಳು. ಸರಿಯಿದೆ ಎನ್ನಲಿಲ್ಲ, ತಪ್ಪಿದೆ ಎಂದೂ ಹೇಳಲಿಲ್ಲ. ‘ವರ್ಷದ ದಿನ ಹಜರತ್ ಅವ್ರಿಗೆ ಹೇಳೀವಿ ಅತ್ತಿಗಿ. ನೀ ಯಾಕ ಸುಮ್ನ ತ್ರಾಸ ತಗಂತಿ?’ ಎಂದಳು. ‘ಹಜರತ್ ಬರ್ಲಿ, ಹೊಟ್ಟಿ ತುಂಬ ಉಂಡು ಹೋಗ್ಲಿ. ಯಾಸೀನ್ ನಂದು,’ ಎಂದೆ. ಚಹಾ ಕುಡಿದು ಹೋದಳು. ಇನ್ನೂ ಕೊನೆಯ ಭಾಗ ನನಗೆ ಗಟ್ಟಿಯಾಗಿಲ್ಲ, ಎರಡು ಕಡೆ ಉಸಿರು ಸಾಲುವುದಿಲ್ಲ. ಬೆಳಗಿನ ನಮಾಜು ಮುಗಿಸಿ ಕೂತರೆ ಸೊಸೆ ರೊಟ್ಟಿಗೆ ಕರೆಯುವವರೆಗೂ ಏಳುವುದಿಲ್ಲ. ಆಗುತ್ತದೆ. ಆಗಲೇಬೇಕು.

ಫೆಬ್ರವರಿಗೆ ನೀನು ಬರಬೇಕು, ಹಾಲೇಶಪ್ಪನವರನ್ನೂ ಕರೆದುಕೊಂಡು ಬಾ. ನಿನಗೆ ಕೇಳಿಸುವುದಿಲ್ಲ, ಗೊತ್ತು. ಎದುರಿಗೆ ಕೂತು ನನ್ನ ಬಾಯಿ ನೋಡುತ್ತಿರು, ನನಗೆ ಧೈರ್ಯ ಬರುತ್ತದೆ. ನಿನ್ನ ಮಕ್ಕಳು ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ನಿಮ್ಮ ಮನೆಯನ್ನು ತಂಪಾಗಿ ಇಟ್ಟಿರಲಿ, ನಿನ್ನ ಕಿವಿಗೆ ಇನ್ನಷ್ಟು ಕಾಲ ಮೊಮ್ಮಕ್ಕಳ ದನಿಯಾದರೂ ಬೀಳುತ್ತಿರಲಿ.

ನಿನ್ನ,
ಹೊನ್ನೂರಮ್ಮ

ಮ.ವಿ.: ಕಾಗದ ಮಡಚಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ರಾಜಾಬಿಯ ಮೇಲಿನ ಸಿಟ್ಟಿಗೇ ಇಷ್ಟೆಲ್ಲ ಎಂದು ಊರು ತಿಳಿದಿದೆ, ನೀನೂ ಹಾಗೇ ತಿಳಿಯುತ್ತೀಯ. ರಾಜಾಬಿಯ ಮಾತು ನನಗೆ ಅಷ್ಟೊಂದು ತಾಗುತ್ತಿರಲಿಲ್ಲ, ಮೂರು ದಿನ ಮೊದಲು ಅದೇ ಮಾತನ್ನು ಬೇರೆ ಬಾಯಿಂದ ಕೇಳಿರದಿದ್ದರೆ. ನಮ್ಮಲ್ಲಿ ಜೀವ ಹೋಗುವ ಹೊತ್ತಿಗೂ ತಲೆಯ ಹತ್ತಿರ ಕೂತು ಯಾಸೀನ್ ಓದುತ್ತಾರೆ, ಹೋಗುವವರಿಗೆ ಹಗುರಾಗಲಿ ಎಂದು. ಆ ಬೆಳಿಗ್ಗೆ ಮಗ ಹಜರತ್ ಅವರನ್ನು ಕರೆತರಲು ಹೋಗಿದ್ದ. ಸೊಸೆ ತವರಿನಲ್ಲಿದ್ದಳು. ಯಜಮಾನರ ಉಸಿರು ಏರಿಳಿಯುವುದನ್ನು ನೋಡಲಾರದೆ ನಾನೇ ಓದಲು ಶುರು ಮಾಡಿದೆ. ಎರಡನೇ ಸಾಲಿಗೆ ಅವರು ನನ್ನ ಮುಂಗೈ ಹಿಡಿದರು. ‘ನೀ ಬ್ಯಾಡ,’ ಎಂದರು. ‘ತಪ್ಪಾಗ್ತೈತಿ. ಹಜರತ್ ಬರ್ಲಿ.’ ನನ್ನ ದನಿಗೆ ಅಷ್ಟು ಹೆಮ್ಮೆಪಟ್ಟವರು ನನಗೆ ಹೇಳಿದ ಕೊನೆಯ ಮಾತು ಇದು ಕಲ್ಯಾಣಿ. ನಾನು ನಿಲ್ಲಿಸಿದೆ. ಹಜರತ್ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು, ಯಾರ ಓದೂ ಅವರ ಕಿವಿಗೆ ಬೀಳಲಿಲ್ಲ. ಇದನ್ನು ಮಗನಿಗೂ ಹೇಳಿಲ್ಲ, ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ. ಫೆಬ್ರವರಿಯಲ್ಲಿ ನಾನು ಎರಡನೇ ಸಾಲು ದಾಟುತ್ತೇನೆ, ಕೊನೆಯವರೆಗೂ ಓದುತ್ತೇನೆ. ಈ ಸಲ ಅವರು ಬೇಡ ಎನ್ನಲಾರರು.