ಇಪ್ಪತ್ತಮೂರು ಖಾಲಿ ಕ್ಲಿಕ್‌ಗಳು

ಓಕಾಯಾ, ಸುವಾ ಸರೋವರದ ದಂಡೆ
ಶನಿವಾರ, ಮಾರ್ಚ್ 9, 2024

ಪ್ರೀತಿಯ ಕಿಯೊಹಾರು ಅವರಿಗೆ,

ನಾನು ಆರೋಗ್ಯವಾಗಿದ್ದೇನೆ. ಆದರೆ ನೆಮ್ಮದಿಯಾಗಿದ್ದೇನೆ ಎಂದು ಮಾತ್ರ ಹೇಳಲಾರೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಮಂಡಿ ಹೇಗಿದೆ ಹೇಳಿ. ಹೊಕ್ಕಾಯ್ಡೊದ ಚಳಿಗೆ ಅದು ಸುಮ್ಮನಿರುವುದಿಲ್ಲ. ಫೋನಿನಲ್ಲಿ ಕೇಳಿದರೆ "ಪರವಾಗಿಲ್ಲ" ಎನ್ನುತ್ತೀರಿ. ಮೂವತ್ತೊಂದು ವರ್ಷ ಕೇಳಿಸಿಕೊಂಡ ಮೇಲೆ ನಿಮ್ಮ "ಪರವಾಗಿಲ್ಲ"ದ ಅರ್ಥ ನನಗೆ ಗೊತ್ತಿಲ್ಲವೆ? ಕಂಪನಿಯ ವಸತಿಗೃಹದಲ್ಲಿ ಅಪ್ಪ ಮೂರು ಹೊತ್ತೂ ಕಪ್ ನೂಡಲ್ಸ್ ತಿನ್ನುತ್ತಿದ್ದಾರೆ ಎಂದು ಮಗಳು ಮಿಸುಜು ಹೊಸವರ್ಷಕ್ಕೆ ನಿಮ್ಮಲ್ಲಿಗೆ ಬಂದುಹೋದ ಮೇಲೆ ದೂರು ಹೇಳಿದಳು. ನೊಜಾವಾನಾ ಸೊಪ್ಪಿನ ಉಪ್ಪಿನಕಾಯಿ ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ. ಈ ಸಲ ಉಪ್ಪು ಸ್ವಲ್ಪ ಮುಂದಾಗಿದೆ, ಅನ್ನದ ಜೊತೆ ತಿನ್ನಿ, ಬಿಯರ್ ಜೊತೆಗಲ್ಲ. ಸರೋವರ ಈ ವರ್ಷವೂ ಸರಿಯಾಗಿ ಹೆಪ್ಪುಗಟ್ಟಲಿಲ್ಲ. ದೇವಸ್ಥಾನದ ಹಿರಿಯರು ದಿನಾ ಬೆಳಿಗ್ಗೆ ಬಂದು ನೀರು ನೋಡಿ ವಾಪಸು ಹೋದರು.

ಈ ಪತ್ರ ಇದು ಮೂರನೆಯ ಸಲ ಶುರು ಮಾಡುತ್ತಿರುವುದು. ಎರಡು ಸಾಲು ಬರೆಯುತ್ತೇನೆ, ಎದ್ದು ನೀರು ಕಾಯಿಸುತ್ತೇನೆ, ಮಹಡಿಗೆ ಹೋಗಿ ನಿಮ್ಮ ಗಾಜಿನ ಕಪಾಟಿಗೆ ಬೀಗ ಹಾಕಿದೆಯೇ ಎಂದು ನೋಡುತ್ತೇನೆ, ಕೆಳಗೆ ಬಂದಾಗ ಕೆಟಲ್ ಕೂಗಿ ಕೂಗಿ ಸುಸ್ತಾಗಿರುತ್ತದೆ. ಮೊದಲೆಲ್ಲ ಆ ಕಪಾಟಿಗೆ ಬೀಗವಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ನಿವೃತ್ತಿಯಾದವರನ್ನು ಕಂಪನಿ ಮತ್ತೆ ಕರೆದು ಎರಡು ವರ್ಷಕ್ಕೆಂದು ಉತ್ತರಕ್ಕೆ ಕಳಿಸಿದಾಗ, ನೀವು ಹೆಂಡತಿಗಿಂತ ಆ ಇಪ್ಪತ್ತೇಳು ಹಳೆಯ ಕ್ಯಾಮೆರಾಗಳನ್ನು ಬಿಟ್ಟು ಹೋಗುವುದಕ್ಕೇ ಹೆಚ್ಚು ಸಂಕಟಪಟ್ಟಿರಿ. ಕಪಾಟಿನ ಬಾಗಿಲಿಗೆ ಚೀಟಿ ಅಂಟಿಸಿದಿರಿ. ಪ್ರತಿ ತಿಂಗಳ ಮೊದಲ ದಿನ ಒಂದೊಂದನ್ನೂ ಹೊರತೆಗೆದು ರೀಲಿಲ್ಲದೆ ಐದೈದು ಸಲ ಖಾಲಿ ಕ್ಲಿಕ್ ಮಾಡಬೇಕು, ಇಲ್ಲದಿದ್ದರೆ ಒಳಗಿನ ಬಟ್ಟೆಯ ಪರದೆ ಅಂಟಿಕೊಳ್ಳುತ್ತದೆ, ಎಂದು. ಹೊರಡುವಾಗ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ನೀವು ಆಡಿದ ಕೊನೆಯ ಮಾತೂ ಅದೇ: "ಕ್ಲಿಕ್ ಮರೀಬೇಡ ಕಣೇ."

ನಾನು ಮರೆಯಲಿಲ್ಲ. ಆದರೆ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಇಪ್ಪತ್ತೇಳಕ್ಕೆ ಐದೈದು ಎಂದರೆ ಹೆಬ್ಬೆರಳು ಕಿತ್ತುಬರುತ್ತದೆ. ಹಾಗಾಗಿ ಒಂದೊಂದಕ್ಕೆ ಒಂದೇ ಸಲ ಒತ್ತಿದೆ. ಬಟ್ಟೆ ಒಣಹಾಕಿ ಬಂದವಳು, ಮಹಡಿಯ ಕಿಟಕಿಯ ಹತ್ತಿರ ನಿಂತು, ಮೇಲಿನ ಪುಟ್ಟ ಸನ್ನೆ ಎಳೆದು ಒಂದು ಕ್ಲಿಕ್, ಮತ್ತೆ ಕಪಾಟಿಗೆ. ಆ ಕಪ್ಪು ಕ್ಯಾಮೆರಾ ಮಾತ್ರ ಯಾವಾಗಲೂ ಕೊನೆಯಲ್ಲಿ. ಮೂಲೆಗಳಲ್ಲಿ ಬಣ್ಣ ಹೋಗಿ ಹಿತ್ತಾಳೆ ಕಾಣುತ್ತಿತ್ತಲ್ಲ, ನೋಡಿದಾಗಲೆಲ್ಲ ಅದಕ್ಕೆ ಪಾಲಿಶ್ ಹಾಕೋಣ ಎನಿಸುತ್ತಿತ್ತು. ಹಾಕಲಿಲ್ಲ, ದೇವರ ದಯೆ.

ಕಳೆದ ತಿಂಗಳು ಫೋನ್ ಮಾಡಿ ನೀವು ಏನೆಂದಿರಿ, ನೆನಪಿದೆಯೆ? "ಇನ್ನೆರಡು ವರ್ಷ ಇರಿ ಅಂತಿದಾರೆ. ಮಾರ್ಚ್ ಹದಿನೈದಕ್ಕೆ ಸಹಿ ಹಾಕ್ಬೇಕು. ಎರಡೇ ವರ್ಷ ತಾನೆ? ಹಳೇ ಕ್ಯಾಮೆರಾಗಳ ಬೆಲೆ ಏರಿದೆಯಂತೆ, ಆ ಕಪ್ಪುದನ್ನ ಹನಾಓಕಾ ಅಂಗಡಿಗೆ ಕೊಟ್ಬಿಡು, ಬಂದ ದುಡ್ಡಲ್ಲಿ ಸ್ನಾನದ ಮನೆ ಸರಿ ಮಾಡಿಸ್ಕೋ." ನಾನು ಹೂಂ ಎಂದೆ. ಫೋನ್ ಇಟ್ಟಮೇಲೆ ಸಿಟ್ಟು ಬಂತು. ನಿಮ್ಮ ಎರಡು ವರ್ಷಕ್ಕೆ ಬದಲಾಗಿ ನನಗೆ ಸ್ನಾನದ ಮನೆಯೆ? ಆದರೂ ಕೊಡಲೇಬೇಕು ಎಂದುಕೊಂಡು ಮಾರ್ಚ್ ಒಂದರಂದು ಕೊನೆಯ ಸಲ ಕ್ಲಿಕ್ ಮಾಡಲು ತೆಗೆದರೆ ಸನ್ನೆ ಅಲುಗಲಿಲ್ಲ. ಸ್ವಲ್ಪ ಜಗ್ಗಿದೆ. ಊಹೂಂ. ಐದು ಸಲ ಒತ್ತು ಎಂದವರ ಮಾತು ಕೇಳದೆ ಕೆಡಿಸಿಬಿಟ್ಟೆ ಎಂದುಕೊಂಡೆ. ಟವೆಲಿನಲ್ಲಿ ಸುತ್ತಿ, ತರಕಾರಿ ಚೀಲದಲ್ಲಿಟ್ಟುಕೊಂಡು ನಿಲ್ದಾಣದ ಹಿಂದಿನ ಹನಾಓಕಾ ಅವರ ಹಳೆಯ ಕ್ಯಾಮೆರಾ ಅಂಗಡಿಗೆ ಓಡಿದೆ.

ಅಲ್ಲಿ ಕಿಟಕಿಯಲ್ಲಿ ಇದರದೇ ಜೋಡಿ ಕೂತಿತ್ತು. ಬೆಲೆ ಎಂಟು ಲಕ್ಷ ತೊಂಬತ್ತು ಸಾವಿರ ಯೆನ್! ಕಿಯೊಹಾರು, ನೀವು ನನಗೆ ಹೇಳಿದ್ದು ಹನ್ನೆರಡು ಸಾವಿರ. "ಕೆಟ್ಟುಹೋದದ್ದು, ಬುಟ್ಟಿಯಲ್ಲಿ ಬಿದ್ದಿತ್ತು, ಪಾಪ ಅನ್ನಿಸ್ತು, ತಂದ್ಬಿಟ್ಟೆ" ಎಂದಿರಿ. ಇಷ್ಟು ವರ್ಷ ನನ್ನ ಕಿವಿಯ ಮೇಲೆ ಹೂವಿಟ್ಟಿದ್ದೀರಿ. ಹೋಗಲಿ, ನಾನೂ ಆ ನೇರಳೆ ರೇಷ್ಮೆ ಕಿಮೋನೋದ ಬೆಲೆ ನಿಜ ಹೇಳಿಲ್ಲ, ಸರಿಹೋಯಿತು. ಅಂಗಡಿಯಲ್ಲಿ ಇಪ್ಪತ್ತರ ಹುಡುಗಿಯರು, ಬೇರೆ ದೇಶದಿಂದ ಬಂದವರು, ಎಲ್ಲರೂ ನಿಂತು ನಿಮ್ಮ ಹಾಗೇ ಕ್ಯಾಮೆರಾಕ್ಕೆ ಕಿವಿಗೊಟ್ಟು ಶಬ್ದ ಕೇಳುತ್ತಿದ್ದರು. ಹನಾಓಕಾ ಅವರಿಗೆ ಎಪ್ಪತ್ತಾರಂತೆ, ಕೈ ಇನ್ನೂ ನಡುಗುವುದಿಲ್ಲ. ಬಣ್ಣ ಹೋಗಿದೆ, ಬೆಲೆ ಕಮ್ಮಿಯಾಗುತ್ತದೇನೋ ಎಂದು ನಾನು ಸಂಕೋಚದಿಂದ ಹೇಳಿದರೆ ಅವರು ನಕ್ಕುಬಿಟ್ಟರು. "ಏನಮ್ಮಾ, ಆ ಹಿತ್ತಾಳೆ ಕಾಣೋದಕ್ಕೇ ಜನ ಸಾಯ್ತಾರೆ. ಸವೆದಷ್ಟೂ ರೇಟು." ಹಾಗಾದರೆ ನನ್ನನ್ನೂ ಕಿಟಕಿಯಲ್ಲಿ ಕೂರಿಸಿ ಎಂದೆ. ನಗೋಯಾದ ದಂತವೈದ್ಯರೊಬ್ಬರು ಇಂಥದ್ದಕ್ಕಾಗಿಯೇ ವರ್ಷದಿಂದ ಕಾದಿದ್ದಾರಂತೆ. ಅಲ್ಲಿಂದಲೇ ಫೋನ್ ಮಾಡಿದರು, ಆ ಮನುಷ್ಯ ಕೇಳಿದ ಮೊದಲ ಪ್ರಶ್ನೆ: "ಯಾರೂ ಪಾಲಿಶ್ ಗೀಲಿಶ್ ಹಾಕಿಲ್ಲ ತಾನೆ?"

ಆಮೇಲೆ ಹನಾಓಕಾ ಅವರು ಸನ್ನೆ ಮುಟ್ಟಿ ನೋಡಿದರು, ಬದಿಯ ಗುಂಡಿಯನ್ನು ಮೆಲ್ಲಗೆ ತಿರುಗಿಸಿದರು, ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. "ಕೆಟ್ಟಿಲ್ಲಮ್ಮಾ ಇದು. ಒಳಗೆ ರೀಲಿದೆ. ಮೂವತ್ತಾರು ಫೋಟೋನೂ ಮುಗಿದಿದೆ, ಅದಕ್ಕೇ ನಿಂತಿದೆ. ಇನ್ನೊಂಚೂರು ಜಗ್ಗಿದ್ರೆ ರೀಲು ಹರಿದೇ ಹೋಗೋದು." ನನಗೆ ತಲೆಬುಡ ತಿಳಿಯಲಿಲ್ಲ. ಖಾಲಿ ಕ್ಲಿಕ್ ಎಂದಿದ್ದಿರಲ್ಲ ನೀವು! ಎಲ್ಲದರಲ್ಲೂ ಅಷ್ಟು ಎಚ್ಚರದ ನೀವು ರೀಲು ತೆಗೆಯಲು ಮರೆತಿರೋ, ಬೇಕೆಂದೇ ಬಿಟ್ಟಿರೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ. ಮರೆತಿರಬೇಕು. ಇಲ್ಲದಿದ್ದರೆ ಮಾರು ಎನ್ನುತ್ತಿರಲಿಲ್ಲ.

ಅವರೇ ರೀಲು ತೊಳೆದು ಫೋಟೋ ಮಾಡಿಕೊಡುತ್ತೇನೆ ಎಂದರು. ಒಂದು ವಾರ ನಾನು ಮನೆಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಮಿಸೊ ಸಾರಿಗೆ ಮಿಸೊ ಹಾಕುವುದನ್ನೇ ಮರೆತೆ. ಏನಿರಬಹುದು? ನಿಮ್ಮ ರೈಲ್ವೆ ಗೇಟುಗಳೆ, ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಗಳೆ? ಇಷ್ಟು ವರ್ಷಗಳಲ್ಲಿ ನೀವು ಆ ಮುಚ್ಚಳಗಳಿಗೆ ಕೊಟ್ಟ ಗಮನದ ಕಾಲುಭಾಗ ನನಗೆ ಕೊಟ್ಟಿಲ್ಲ, ನನ್ನದೊಂದು ಫೋಟೋ ತೆಗೆದಿಲ್ಲ ಎಂದು ಎಷ್ಟು ಸಲ ಜಗಳವಾಡಿದ್ದೇನೆ.

ನಿನ್ನೆ ಅಂಗಡಿಯಲ್ಲಿ ಫೋಟೋ ಕೈಗೆ ಬಂದವು. ಮೊದಲ ಹದಿಮೂರು ನಿಮ್ಮವು. ನೀವು ಹೊರಡುವ ಮುಂಚಿನ ವಾರದವು. ಹದಿಮೂರರಲ್ಲೂ ನಾನೇ. ಸಿಂಕಿನ ಮುಂದೆ ನನ್ನ ಬೆನ್ನು. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಬಟ್ಟೆ ಹರವುತ್ತಿರುವುದು. ಕೊತಾತ್ಸು ಮೇಜಿನ ಬೆಚ್ಚಗಿನ ಹೊದಿಕೆಯೊಳಗೆ ಕಾಲು ಚಾಚಿ ಬಾಯಿ ತೆರೆದು ನಿದ್ದೆ, ಇದನ್ನು ಯಾರಿಗೂ ತೋರಿಸಕೂಡದು. ನೀವು ಕ್ಯಾಮೆರಾ ಒರೆಸುತ್ತಿದ್ದೀರಿ ಎಂದೇ ನಾನು ತಿಳಿದಿದ್ದೆ. ಹದಿಮೂರನೆಯದು ಹೊರಟ ಬೆಳಿಗ್ಗೆಯದು, ಮಹಡಿಯ ಕಿಟಕಿಯಿಂದ ತೆಗೆದದ್ದು. ಕೆಳಗೆ ನಮ್ಮ ಕಾರು, ಅದರ ಡಿಕ್ಕಿಗೆ ನಿಮ್ಮ ದಪ್ಪ ಹೊದಿಕೆ ತುರುಕುತ್ತಿರುವ ನಾನು.

ಹದಿನಾಲ್ಕನೆಯದರಿಂದ ನನ್ನವು. ಅದೇ ಕಿಟಕಿ, ಅದೇ ಜಾಗ. ಕಾರಿಲ್ಲ. ಇಪ್ಪತ್ತಮೂರು ತಿಂಗಳು ಕಾರಿಲ್ಲ. ಒಂದರಲ್ಲಿ ಪಕ್ಕದ ಮನೆಯ ಬೆಕ್ಕು ನಡುಮಧ್ಯೆ ಮಲಗಿದೆ, ಇನ್ನೊಂದರಲ್ಲಿ ಚಕ್ರದ ಗುರುತಿಲ್ಲದ ಹಿಮ. ಕೆಲವು ಓರೆ, ಒಂದರಲ್ಲಿ ಅರ್ಧ ನನ್ನ ಬೆರಳೇ. ನಾನು ಸುಮ್ಮನೆ ಬೆಳಕಿಗೆಂದು ಅಲ್ಲಿ ನಿಲ್ಲುತ್ತೇನೆ ಎಂದುಕೊಂಡಿದ್ದೆ. ಹನಾಓಕಾ ಅವರು ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ನನಗೆ ಕುರ್ಚಿ ಎಳೆದುಕೊಟ್ಟು ಒಳಗೆ ಹೋದರು. ನಾನು ಅತ್ತೆ. ಅಂಗಡಿ ತುಂಬ ಜನರಿದ್ದರು, ನಾಚಿಕೆಯೇ ಆಗಲಿಲ್ಲ.

ಕ್ಯಾಮೆರಾ ಮನೆಗೆ ತಂದಿದ್ದೇನೆ. ದಂತವೈದ್ಯರು ನಾಳೆ ಬೆಳಿಗ್ಗೆ ಇಲ್ಲಿಗೇ ಬರುತ್ತಾರೆ. ಏನು ಹೇಳಬೇಕೋ ತೋಚುತ್ತಿಲ್ಲ. ಸ್ನಾನದ ಮನೆಯ ಬಿಸಿನೀರು ನಿಜಕ್ಕೂ ಕೈಕೊಟ್ಟಿದೆ, ಫೋನಿನಲ್ಲಿ ಹೇಳಿದ್ದೇನಲ್ಲ. ಮಾರು ಎಂದವರೂ ನೀವೇ. ಈಗ ಮತ್ತೆ ಕೆಟಲ್ ಕೂಗುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಮಂಡಿಗೆ ಪಟ್ಟಿ ಹಾಕಿಕೊಳ್ಳಿ, ಒದ್ದೆ ಸಾಕ್ಸ್‌ನಲ್ಲಿ ಓಡಾಡಬೇಡಿ. ವಸತಿಗೃಹದ ಅಡುಗೆಯಾಕೆಗೆ ನನ್ನ ವಂದನೆ ತಿಳಿಸಿ.

ನಿಮ್ಮ ಬಾಯಿ ತೆರೆದು ಮಲಗುವ ಹೆಂಡತಿ,
ತೊಮೊಎ

ಮರೆತದ್ದು, ಭಾನುವಾರ ಮಧ್ಯಾಹ್ನ: ದಂತವೈದ್ಯರು ಬಂದಿದ್ದರು. ಚಹಾ ಕೊಟ್ಟು, ಆಗುವುದಿಲ್ಲ ಎಂದೆ. ಪಾಪ, ಬಾಗಿಲವರೆಗೂ ಹಿಂತಿರುಗಿ ನೋಡುತ್ತಲೇ ಹೋದರು. ಸ್ನಾನದ ಮನೆಗೆ ಬೇಕಾದರೆ ಉಳಿದ ಇಪ್ಪತ್ತಾರರಲ್ಲಿ ಯಾವುದನ್ನಾದರೂ ಕೊಡುತ್ತೇನೆ. ಇದನ್ನು ಫೋನಿನಲ್ಲಿ ಹೇಳಿದರೆ ನೀವು "ಪರವಾಗಿಲ್ಲ" ಎನ್ನುತ್ತೀರಿ, ನಾನು ಹೂಂ ಎನ್ನುತ್ತೇನೆ, ಅದಕ್ಕೇ ನಾಳೆ ತ್ವರಿತ ಅಂಚೆಗೆ ಹಾಕುತ್ತೇನೆ, ಹದಿನೈದರೊಳಗೆ ಸಿಗುತ್ತದೆ. ಸಹಿ ಹಾಕಬೇಡಿ. ನಿಮಗೆ ಪರವಾಗಿಲ್ಲದಿರಬಹುದು, ನನಗೆ ಪರವಾ ಇದೆ. ಹನಾಓಕಾ ಅವರಿಂದ ಹೊಸ ರೀಲು ಹಾಕಿಸಿಕೊಂಡು ಬಂದಿದ್ದೇನೆ. ಏಪ್ರಿಲ್ ಒಂದರ ಬೆಳಿಗ್ಗೆ ಬಟ್ಟೆ ಒಣಹಾಕಿ ಮಹಡಿಗೆ ಹೋಗಿ ಎಂದಿನಂತೆ ಒಂದು ಕ್ಲಿಕ್ ಮಾಡುತ್ತೇನೆ. ಅಷ್ಟರೊಳಗೆ ಕಾರನ್ನು ಅದರ ಜಾಗದಲ್ಲಿ ನಿಲ್ಲಿಸಿ.