ತಬಲಾ ಕಾಯಲಿ ಎಂಬ ಮನವಿ

ಶನಿವಾರಸಂತೆ

ಚಿ. ಸಹನಾಳಿಗೆ ನಿನ್ನ ತಾತ ಆಶೀರ್ವಾದಪೂರ್ವಕವಾಗಿ ಸಲ್ಲಿಸುವ ಮನವಿ.

ವಿಷಯ: ನಿನ್ನ ಅಜ್ಜಿಯ ಸೋಬಾನೆ ಹಾಡನ್ನು ಕಂಪ್ಯೂಟರಿನಲ್ಲಿ ತಾಳಕ್ಕೆ ಕೂರಿಸಿರುವ ಬಗ್ಗೆ.

ನಿನ್ನ ಅಣ್ಣನ ಮದುವೆಯಲ್ಲಿ ಕೇಳಿಸಲೆಂದು ಅಜ್ಜಿಯ ಹಾಡನ್ನು ರೆಕಾರ್ಡ್ ಮಾಡಿ, ತಬಲಾ ಸೇರಿಸಿ ನೀನು ಕಳುಹಿಸಿದ್ದು ನಿನ್ನೆ ತಲುಪಿತು. ಧ್ವನಿಯನ್ನು ಬೇಕಾದಲ್ಲಿ ಹಿಗ್ಗಿಸಿ, ಕುಗ್ಗಿಸಿ ತಾಳಕ್ಕೆ ಹೊಂದಿಸುವ ನಿನ್ನ ವಿದ್ಯೆಯನ್ನು ಮನಸಾರೆ ಮೆಚ್ಚಿದ್ದೇನೆ. ಆದರೆ ಅದನ್ನು ಕೇಳಿದ ಅಜ್ಜಿ, "ಬಸ್ಸಿಗೆ ಹೊತ್ತಾಯ್ತು ಅಂತ ಓಡ್ಕಂಡ್ ಹಾಡ್ದಂಗೈತೆ. ಮದ್ವೇಲಿ ಹಾಕ್ಬೇಡ ಅನ್ನಿ ಅವ್ಳಿಗೆ" ಎಂದು ಎದ್ದು ಒಳಗೆ ಹೋದಳು.

ಕಾರಣವನ್ನು ಅವಳು ಹೇಳಲಾರಳಾದ್ದರಿಂದ ನಾನೇ ನಿವೇದಿಸುತ್ತಿದ್ದೇನೆ. ಮೂರನೆಯ ನುಡಿಯಲ್ಲಿ ಹಾಡುವವಳು ತನ್ನ ಗಂಡನ ಹೆಸರು ಹೇಳಬೇಕು. ನಮ್ಮ ಕಾಲದ ಹೆಂಗಸರು ಆ ಹೆಸರನ್ನು ಹಾಡಿನಲ್ಲಲ್ಲದೆ ಬಾಯಿಬಿಟ್ಟು ಹೇಳಿದವರಲ್ಲ. ಜನಗಣತಿಯವರು ಬಂದು ಕೇಳಿದಾಗ ನಿನ್ನ ಅಜ್ಜಿ ಗೋಡೆಯ ಮೇಲಿನ ಮದುವೆ ಫೋಟೊ ತೋರಿಸಿದ್ದಳು. ಹಾಡಿನಲ್ಲೂ ಆ ಹೆಸರಿನ ಮುಂದೆ ನಿಂತು, ಒಮ್ಮೆ ಉಸಿರೆಳೆದುಕೊಂಡು, ಆಮೇಲೆ ಹೇಳುತ್ತಾಳೆ. ನಿನ್ನ ಕಂಪ್ಯೂಟರ್ ಅದನ್ನು ತಾಳ ತಪ್ಪಿದ್ದೆಂದು ತಿಳಿದು ತಿದ್ದಿಬಿಟ್ಟಿದೆ.

ಧ್ವನಿಯನ್ನು ಹಾಗೆಯೇ ಬಿಟ್ಟು, ತಬಲಾವೇ ಅದನ್ನು ಹಿಂಬಾಲಿಸುವಂತೆಯೂ ಮಾಡಬಹುದೆಂದು ನೀನೇ ಫೋನಿನಲ್ಲಿ ಹೇಳಿದ್ದೆ. ಆದಕಾರಣ ಮೂರನೆಯ ನುಡಿಯಲ್ಲಿ ಹಾಗೆ ಮಾಡಿಕೊಡಬೇಕಾಗಿ ಕೋರುತ್ತೇನೆ. ಉಳಿದ ನುಡಿಗಳ ಬಗ್ಗೆ ನನ್ನ ತಕರಾರಿಲ್ಲ. ಈ ಪತ್ರವನ್ನು ಅಜ್ಜಿಗೆ ಓದಿ ಹೇಳತಕ್ಕದ್ದಲ್ಲ.

ಐವತ್ತೊಂದು ವರ್ಷಗಳಿಂದ ಪ್ರತಿ ಮದುವೆ ಮನೆಯಲ್ಲೂ ನಾನು ಆ ಉಸಿರಿಗಾಗಿ ಕಾದಿದ್ದೇನೆ. ತಬಲಾ ಒಂದು ಕ್ಷಣ ಕಾದರೆ ಅದಕ್ಕೇನೂ ನಷ್ಟವಿಲ್ಲ.

ಇಂತಿ ನಿನ್ನ ಉತ್ತರದ ನಿರೀಕ್ಷೆಯಲ್ಲಿ,
ಗುರುಲಿಂಗಪ್ಪ
ನಿವೃತ್ತ ರೈಟರ್ (ಗುಮಾಸ್ತ), ಕಾಫಿ ಎಸ್ಟೇಟ್