ನಾಲ್ಕೂ ಚಕ್ರ ಎಳೆಯುವ ಗಾಡಿ

ಅವರ್ಸಾ,
೧೨ ಫೆಬ್ರವರಿ ೨೦೨೫

ನಿತಿನನ ಅಪ್ಪನಿಗೆ ವೈಜಯಂತಿಯ ನಮಸ್ಕಾರ.

ಹೋದ ತಿಂಗಳೇ ಬರೆಯುತ್ತೇನೆ ಎಂದಿದ್ದೆ, ತಡವಾಯಿತು, ಸಿಟ್ಟಾಗಬೇಡಿ. ಬಂಗಡೆ ಚೆನ್ನಾಗಿ ಬೀಳುತ್ತಿದೆ. ಬೆಳಿಗ್ಗೆ ಮೀನು ಮಾರಿ, ಸಂಜೆ ಒಣಮೀನು ತೆಗೆದಿಟ್ಟು ಮುಗಿಸುವಷ್ಟರಲ್ಲಿ ಪೆನ್ನು ಹಿಡಿಯಲು ಕೈಯಲ್ಲಿ ಜೀವ ಇರುವುದಿಲ್ಲ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಏನು ಹೇಳುವುದು ಮಾರಾಯ್ರೇ! "ಉಂಡ್ಯಾ" ಅಂತಿಲ್ಲ, "ಹ್ಯಾಂಗಿದ್ದೆ" ಅಂತಿಲ್ಲ, ಫೋನೆತ್ತಿದ ಕೂಡಲೇ "ಗಾಡಿ ಮೈಲೇಜು ಎಷ್ಟಂತೆ?" ನಾನು ಬಾಯಿ ತೆರೆಯುವಷ್ಟರಲ್ಲಿ ಬೋಟಿನವರು ಕರೆದರು ಅಂತ ಇಟ್ಟೇಬಿಡುತ್ತೀರಿ. ಪತ್ರವಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ. ಪುಂಡಲೀಕ ರಜೆ ಮುಗಿಸಿ ನಾಳೆ ರತ್ನಾಗಿರಿಗೆ, ನಿಮ್ಮ ಬೋಟಿಗೇ ವಾಪಸು ಬರುತ್ತಿದ್ದಾನೆ. ಅವನ ಕೈಯಲ್ಲಿ ಇದನ್ನೂ ಒಣಸಿಗಡಿ ಚಟ್ನಿಯನ್ನೂ ಕಳಿಸುತ್ತಿದ್ದೇನೆ. ಚಟ್ನಿಯನ್ನು ಒಬ್ಬರೇ ಮುಗಿಸಬೇಡಿ, ಅವನಿಗೂ ಕೊಡಿ.

ಅತ್ತೆ ಆರಾಮಿದ್ದಾರೆ. ಮಂಡಿನೋವು ಇದ್ದದ್ದೇ, ಬಾಯಿ ಮಾತ್ರ ಇನ್ನೂ ಮೊದಲಿನ ಹಾಗೇ ಇದೆ. ನಿತಿನನ ಪರೀಕ್ಷೆ ಹತ್ತಿರ ಬಂತು. ಓದುತ್ತಾನೋ ಮೊಬೈಲ್ ನೋಡುತ್ತಾನೋ ಅವನಿಗೇ ಗೊತ್ತು.

ಈಗ ಮೀನು ಸಾಗಿಸುವ ಗಾಡಿಯ ವಿಷಯ. ನೀವು ಹೇಳಿದ ಸಣ್ಣ ಗಾಡಿಯನ್ನು ನಾನು ನೋಡಲೇ ಇಲ್ಲ ಎನ್ನಬೇಡಿ. ಕಾರವಾರದ ಷೋರೂಮಿನವನು ಮನೆ ಬಾಗಿಲಿಗೇ ತಂದಿದ್ದ. ಹೆದ್ದಾರಿಯಲ್ಲಿ ಅಂಕೋಲೆಯವರೆಗೆ ನಾನೇ ಓಡಿಸಿದೆ. ನನ್ನ ಲೈಸನ್ಸ್ ಬಂದ ದಿನ ನಕ್ಕಿದ್ದಿರಲ್ಲ, ಕೇಳಿಸಿಕೊಳ್ಳಿ, ಹೂವಿನ ಹಾಗೆ ಹೋಯಿತು! ಡೀಸೆಲ್ ಮುಳ್ಳು ಅಲ್ಲಾಡಲೇ ಇಲ್ಲ. ನನಗೂ ಮನಸ್ಸಾಯಿತು. ಆದರೆ ನಮ್ಮ ಮೀನೇನು ಹೆದ್ದಾರಿಯ ಮೇಲೆ ಬೀಳುತ್ತದೆಯೇ? "ಬಾ ತಮ್ಮಾ, ರಂಪಣಿ ಬಲೆ ಎಳೂವಲ್ಲಿ ಹೋಗಿ ಬರುವಾ" ಅಂದೆ. "ಅಕ್ಕಾ, ಮರಳಲ್ಲಿ ಬೇಡ" ಅಂತ ಅವನು ಗೋಗರೆದ. ನಾನು ಕೇಳುವವಳೇ?

ದಂಡೆಗೆ ಇಳಿದು ನಾಲ್ಕು ಮಾರು ಹೋಗಿದ್ದೇ ತಡ, ಹಿಂದಿನ ಚಕ್ರ ಹೂತುಕೊಂಡಿತು. ಒತ್ತಿದಷ್ಟೂ ಇಳಿಯಿತು. ಅತ್ತ ಭರತಿಯ ನೀರು ಏರುತ್ತಿತ್ತು. ಷೋರೂಮಿನವನು ಟೈ ಸಡಿಲಿಸಿ, ಬೂಟು ಕೈಯಲ್ಲಿ ಹಿಡಿದು, ಕಂಡ ದೇವರಿಗೆಲ್ಲ ಹರಕೆ ಹೊತ್ತ. ಕೊನೆಗೆ ಬಲೆಯವರೇ ಗಾಡಿಗೆ ಹಗ್ಗ ಕಟ್ಟಿ, ಬಲೆ ಎಳೆಯುವ ಹಾಗೇ ಕೂಗು ಹಾಕುತ್ತ ಎಳೆದು ತಂದರು. ಬಲೆಯ ಹಿರಿಯ ರಾಮಣ್ಣ ಬೆವರು ಒರೆಸಿಕೊಂಡು, "ವೈಜಯಂತಿ, ಇಷ್ಟ್ ದೊಡ್ಡ ಮೀನು ಈ ವರ್ಷ ಬಿದ್ದೇ ಇಲ್ಲಾಗಿತ್ತು. ಇದ್ರ ಪಾಲು ಹ್ಯಾಂಗೆ ಹಾಕೂದು?" ಅಂದ. ದಂಡೆಯೆಲ್ಲ ನಕ್ಕಿತು. ಷೋರೂಮಿನವನಿಗೆ ಮಾತ್ರ ನಗು ಬರಲಿಲ್ಲ, ಪಾಪ. ಮನೆಗೆ ಕರೆತಂದು ಚಾ ಕುಡಿಸಿ ಕಳಿಸಿದೆ.

ನಾನು ನೋಡಿದ ಇನ್ನೊಂದು ಗಾಡಿ ಅಂಕೋಲೆಯ ಕಂಟ್ರಾಕ್ಟರ್ ಒಬ್ಬರ ಹಳೆಯ ಪಿಕಪ್, ನಾಲ್ಕೂ ಚಕ್ರ ಎಳೆಯುವಂಥದ್ದು. ಬಾಗಿಲು ತುಕ್ಕು ಹಿಡಿದಿದೆ, ಇಂಜಿನ್ ಗಟ್ಟಿ. ಅದೇ ಮರಳಿನಲ್ಲಿ ಓಡಿಸಿದೆ, ಎಲ್ಲೂ ನಿಲ್ಲಲಿಲ್ಲ. ಗುಡ್ಡದ ಮೇಲಿನ ಕೇರಿಯ ಕಲ್ಲುದಾರಿಯನ್ನೂ ಹತ್ತಿಸಿದೆ, ಹಳ್ಳವನ್ನೂ ದಾಟಿಸಿದೆ. ಹೆದ್ದಾರಿಯಲ್ಲಿ ಹಿಂದಿನ ಎರಡೇ ಚಕ್ರ ಎಳೆಯುತ್ತವೆ. ಮರಳೋ ಗುಡ್ಡವೋ ಬಂದಾಗ ಒಂದು ಕೋಲು ಎಳೆದರೆ ನಾಲ್ಕೂ. ಹಾಗಾಗಿ ನೀವು ಹೆದರಿದಷ್ಟೇನೂ ಡೀಸೆಲ್ ಕುಡಿಯುವುದಿಲ್ಲ. ಸಣ್ಣದಕ್ಕಿಂತ ಹೆಚ್ಚು ಕುಡಿಯುತ್ತದೆ, ಅದನ್ನು ಮುಚ್ಚಿಡಲಾರೆ.

ನಿಮ್ಮ ಮೈಲೇಜಿನ ಹಟವನ್ನು ಅತ್ತೆಗೆ ಹೇಳಿದೆ. ಅವರು ಎಲೆಯಡಿಕೆ ಉಗುಳಿ ಬಂದು, "ನಾ ಬುಟ್ಟಿ ಹೊತ್ಕಂಡು ದಿನಾ ಆ ಗುಡ್ಡ ಹತ್ತಿ ಅವನ್ನ ಸಾಕ್ದೆ. ಒಂದ್ ಲೋಟ ಗಂಜಿಗೆ ಎಷ್ಟ್ ಮೈಲಿ ಹೋಗ್ತಿದ್ದೆ ಅಂತ ಅವ್ನೇ ಲೆಕ್ಕ ಹಾಕ್ಲಿ" ಅಂದರು. ಲೆಕ್ಕ ಹಾಕಿ ಅವರಿಗೆ ನೀವೇ ಹೇಳಿ.

ಸಣ್ಣ ಗಾಡಿ ಕೊಂಡರೆ ಪೇಟೆಗೆ ಹೋಗಿಬರುವುದು ಸಲೀಸು, ಒಪ್ಪಿದೆ. ಆದರೆ ದಂಡೆಯಿಂದ ರಸ್ತೆಗೆ ಮೀನು ನಾನೇ ಹೊರಬೇಕು. ಮೇಲಿನ ಕೇರಿಯನ್ನಂತೂ ಬಿಡಲೇಬೇಕು. ಅತ್ತೆಯ ಕಾಲದಿಂದ ಬಂದ ವಾಡಿಕೆಯ ಮನೆಗಳವು. ಈಗಲೂ ಒಣಮೀನು ಕೊಟ್ಟರೆ ಗೆಣಸು, ಸೌತೆಕಾಯಿ ಕಟ್ಟಿ ಕೊಡುತ್ತಾರೆ. ಡೀಸೆಲಿಗೆ ಹೆಚ್ಚು ಹೋದದ್ದನ್ನು ಆ ಮನೆಗಳಲ್ಲೇ ತುಂಬಿಕೊಳ್ಳುತ್ತೇನೆ. ಕಂಟ್ರಾಕ್ಟರ್ ಶನಿವಾರದವರೆಗೆ ಮಾತ್ರ ಕಾಯುತ್ತಾರಂತೆ. ನೀವು ಹೂಂ ಅಂದರೆ ಹಿಡಿಯುತ್ತೇನೆ, ಬೇಡವೆಂದರೆ ಇಲ್ಲ. ನಿಮ್ಮನ್ನು ಬಿಟ್ಟು ನಾನು ಯಾವ ದೊಡ್ಡ ಕೆಲಸವನ್ನೂ ಮಾಡಿದವಳಲ್ಲ.

ಗಾಳಿ ಜೋರಿದ್ದ ದಿನ ಬೋಟಿನ ಅಂಚಿನಲ್ಲಿ ನಿಲ್ಲಬೇಡಿ. ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳಿ. ಸಮುದ್ರದ ತಾಯಿ ನಿಮ್ಮನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾಯಲಿ. ಅತ್ತೆಯ ಆಶೀರ್ವಾದ, ನಿತಿನನ ನಮಸ್ಕಾರ.

ನಿಮ್ಮ
ವೈಜಯಂತಿ

ತಾ.ಕ.: ಮೇಲಿನ ಕೇರಿಯ ವಾಡಿಕೆಯ ಬಗ್ಗೆ ಬರೆದದ್ದು ನಿಜ, ಆದರೆ ಅಷ್ಟೇ ಅಲ್ಲ. ಹಳ್ಳದಾಚೆಯ ಮನೆ ನಮ್ಮ ಪ್ರಗತಿಯದು. ಬೇಸಾಯದವರ ಮಗನನ್ನು ಮದುವೆಯಾದಳೆಂದು ಎರಡು ವರ್ಷದಿಂದ ಮಗಳ ಹೆಸರನ್ನೇ ನೀವು ಎತ್ತಿಲ್ಲ. ನಾನು ಮೀನಿನ ನೆಪದಲ್ಲಿ ಹೋಗಿ ನೋಡಿಬರುತ್ತೇನೆ. ಅವಳಿಗೀಗ ಐದು ತಿಂಗಳು. ಅಳಿಯ ಉಮೇಶ ಒಳ್ಳೆಯವನು, ಅವನ ತಾಯಿ ಸುಕ್ರಿ ಅವಳಿಗೆ ಒಂದು ಕೊಡ ನೀರೂ ಹೊರಲು ಬಿಡುವುದಿಲ್ಲ. ಆದರೂ ಡಾಕ್ಟರ ಹತ್ತಿರ ಬರಬೇಕೆಂದರೆ ಬೈಕಿನ ಹಿಂದೆ ಕೂತು ಆ ಕಲ್ಲುದಾರಿ ಇಳಿಯಬೇಕು. ಚೊಚ್ಚಲ ಹೆರಿಗೆ, ತವರಿನಲ್ಲಿ ಆಗಬೇಕಾದದ್ದು. ನೀವು ಕರೆದರೆ ಮಳೆಗೆ ಮೊದಲೇ ಕರೆತರುತ್ತೇನೆ. ಕರೆಯದಿದ್ದರೆ ಅವಳು ಬರುವುದಿಲ್ಲ, ನಿಮ್ಮದೇ ಹಟ ಅವಳಿಗೂ ಬಂದಿದೆ. ಆಗ ಜೂನಿನಲ್ಲಿ ತುಂಬಿದ ಹಳ್ಳಕ್ಕೆ ನಾನೇ ಗಾಡಿ ಇಳಿಸಬೇಕು.

ಮೊನ್ನೆ ಹೋದಾಗ, "ಆಯೀ, ಅಪ್ಪ ನನ್ನ ಕೇಳ್ತಾರಾ?" ಅಂದಳು. "ಫೋನು ಮಾಡ್ದಾಗೆಲ್ಲ ಕೇಳ್ತಾರೆ" ಅಂದುಬಿಟ್ಟೆ. ನಂಬಿದಳು. ಈ ಸಲ ಫೋನು ಮಾಡಿದಾಗ ಮೈಲೇಜನ್ನು ಆಮೇಲೆ ಕೇಳಿ, ಮೊದಲು ಅವಳನ್ನು ಕೇಳಿ.